ಮರಳಿ ಬಾರದ ಫಂಕ್ಷನ್‌ಗಳು: ಘಿಡ್ರಾವನ್ನು ಎಷ್ಟು ನಂಬಬಹುದು?

ಕಾಫಿ ತೋಟದ ಪಂಪ್ ಕಂಟ್ರೋಲರೋ ಮಳೆಮಾಪಕದ ಬೋರ್ಡೋ ಕೈಕೊಟ್ಟು, ಅದರ ಸೋರ್ಸ್ ಕೋಡ್ ಎಲ್ಲೂ ಸಿಗದಿದ್ದರೆ, ಚಿಪ್‌ನಿಂದ ಫರ್ಮ್‌ವೇರ್ (ಅದರೊಳಗೆ ತುಂಬಿದ ಪ್ರೋಗ್ರಾಂ) ತೆಗೆದು ಓದುವುದೊಂದೇ ದಾರಿ. ಮಡಿಕೇರಿ, ಪೊನ್ನಂಪೇಟೆ ಕಡೆ ಇಂಥ ಕೆಲಸಕ್ಕೆ ಕೂರುವವರಿಗೆ ಘಿಡ್ರಾ ಚೆನ್ನಾಗಿ ಹೊಂದುತ್ತದೆ. ಯಂತ್ರದ ಕೋಡನ್ನು ಮನುಷ್ಯರು ಓದುವ ರೂಪಕ್ಕೆ ತರುವ, ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2019ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ಟೂಲ್ ಇದು. ದುಡ್ಡಿಲ್ಲ. ಒಮ್ಮೆ ಇಳಿಸಿಕೊಂಡರೆ ಮಳೆಗಾಲದಲ್ಲಿ ನೆಟ್ ಹೋದರೂ ಕೆಲಸ ನಿಲ್ಲದು. ಇಲ್ಲಿ ಅದರ ಒಂದೇ ಗುಣವನ್ನು ನೋಡೋಣ: ಮರಳಿ ಬಾರದ, ಎಂದರೆ ಕರೆದ ಜಾಗಕ್ಕೆ ಹಿಂತಿರುಗದ, ಫಂಕ್ಷನ್‌ಗಳನ್ನು ಅದು ಹೇಗೆ ಹಿಡಿಯುತ್ತದೆ?

ಪ್ರೋಗ್ರಾಮನ್ನೇ ಮುಗಿಸುವ ಎಕ್ಸಿಟ್, ಅಬಾರ್ಟ್‌ನಂಥವನ್ನು ಕಾಲ್ ಮಾಡಿದ (ಕರೆದ) ಮೇಲೆ ಕಂಪೈಲರ್ ಮುಂದಿನ ಕೋಡ್ ಬರೆಯುವುದೇ ಇಲ್ಲ. ಆ ಜಾಗದಲ್ಲಿ ಬೇರೊಂದು ಫಂಕ್ಷನ್ ಶುರುವಾಗಿರಬಹುದು. ಆರ್ಮ್ ಚಿಪ್ ಆದರೆ ಸ್ಥಿರಾಂಕಗಳನ್ನು ಕೂಡಿಡುವ ಲಿಟರಲ್ ಪೂಲ್ ಇರಬಹುದು. ಟೂಲ್‌ಗೆ ಇದು ತಿಳಿಯದಿದ್ದರೆ ಡೇಟಾವನ್ನೂ ಇನ್‌ಸ್ಟ್ರಕ್ಷನ್ ಎಂದು ಓದುತ್ತದೆ, ಎರಡು ಫಂಕ್ಷನ್‌ಗಳು ಒಂದಾಗಿಬಿಡುತ್ತವೆ, ಯಂತ್ರದ ಕೋಡನ್ನು ಸಿ ಥರ ಬರೆದು ತೋರಿಸುವ ಡಿಕಂಪೈಲರ್‌ನಲ್ಲಿ 'ಹಾಲ್ಟ್ ಬ್ಯಾಡ್‌ಡೇಟಾ' ಕಾಣಿಸುತ್ತದೆ.

ಘಿಡ್ರಾದಲ್ಲಿ ಇದಕ್ಕೆ ಎರಡು ಅನಲೈಜರ್‌ಗಳಿವೆ (ಕೋಡನ್ನು ತಾವಾಗಿಯೇ ಪರೀಕ್ಷಿಸುವ ಭಾಗಗಳು). 'ನೋನ್' ಎಂಬುದು ಹೆಸರಿನ ಪಟ್ಟಿ ನೋಡಿ ಗುರುತು ಹಾಕುತ್ತದೆ. ಡೈನಮಿಕ್ ಲಿಂಕ್ ಆದ (ಓಡುವಾಗ ಹೊರಗಿನ ಲೈಬ್ರರಿ ಸೇರಿಸಿಕೊಳ್ಳುವ) ಲಿನಕ್ಸ್ ಫೈಲ್‌ಗಳಲ್ಲಿ ಒಳಗಿನ ಫಂಕ್ಷನ್ ಹೆಸರುಗಳಾದ ಸಿಂಬಲ್ ತೆಗೆದಿದ್ದರೂ ಲೈಬ್ರರಿಯಿಂದ ತರುವ ಇಂಪೋರ್ಟ್ ಹೆಸರುಗಳು ಉಳಿದಿರುವುದರಿಂದ ಇದು ಸೊಗಸಾಗಿ ನಡೆಯುತ್ತದೆ. ಹೆಸರೇ ಇಲ್ಲದ ಫರ್ಮ್‌ವೇರ್‌ನಲ್ಲಿ ಇದರಿಂದ ಏನೂ ಸಿಗದು. ಅಲ್ಲಿ 'ಡಿಸ್ಕವರ್ಡ್' ಅನಲೈಜರನ್ನೇ ನಂಬಬೇಕು. ಕಾಲ್ ಆದ ಕೂಡಲೇ ಡೇಟಾ ಅಥವಾ ಇನ್ನೊಂದು ಫಂಕ್ಷನ್ ಎದುರಾಗುವಂಥ ಸಾಕ್ಷ್ಯವನ್ನು ಅದು ಎಣಿಸುತ್ತದೆ. ಡೀಫಾಲ್ಟ್ ಮಿತಿ 3, ಎಂದರೆ ಅಷ್ಟು ಸಾಕ್ಷ್ಯ ಸಿಕ್ಕರಷ್ಟೇ ಗುರುತು ಬೀಳುತ್ತದೆ. ಸಣ್ಣ ಫರ್ಮ್‌ವೇರ್‌ನಲ್ಲಿ ರೀಸೆಟ್ ಫಂಕ್ಷನನ್ನು ಒಂದೆರಡು ಕಡೆ ಮಾತ್ರ ಕರೆದಿದ್ದರೆ ಅದು ಈ ಜಾಲರಿಯಿಂದ ಜಾರಿಹೋಗುತ್ತದೆ.

ಹಾಗೆಂದು ಮಿತಿಯನ್ನು 1ಕ್ಕೆ ಇಳಿಸಬೇಡಿ. ಗುರುತು ತಪ್ಪಿಹೋದರೆ ಕಸ ಕಣ್ಣಿಗೆ ಬೀಳುತ್ತದೆ, ಸರಿಪಡಿಸಬಹುದು. ಮರಳುವ ಫಂಕ್ಷನ್‌ಗೆ ತಪ್ಪಾಗಿ ಗುರುತು ಬಿದ್ದರೆ ಮಾತ್ರ ಅದರ ಮುಂದಿನ ಅಸಲಿ ಕೋಡ್ ಸದ್ದಿಲ್ಲದೆ ಮಾಯವಾಗುತ್ತದೆ. ಅದನ್ನು ಕರೆಯುವ ಫಂಕ್ಷನ್‌ಗಳೂ 'ಮರಳುವುದಿಲ್ಲ' ಎಂದಾಗಿ ತಪ್ಪು ಮೇಲಕ್ಕೆ ಹಬ್ಬುತ್ತದೆ. ಈ ಎರಡನೆಯದೇ ನಿಜವಾದ ಅಪಾಯ. ಅದಕ್ಕೇ ಅನಲಿಸಿಸ್ ಮುಗಿದೊಡನೆ ಬುಕ್‌ಮಾರ್ಕ್ ಕಿಟಕಿ ತೆರೆದು, ಅನಲೈಜರ್ ಹಾಕಿದ ಗುರುತುಗಳನ್ನು ಒಂದೊಂದಾಗಿ ಕಣ್ಣಾಡಿಸಿ.

ಕೈಯಾರೆ ತಿದ್ದುವುದು ಕಷ್ಟವಲ್ಲ. ಫಂಕ್ಷನ್ ಮೇಲೆ ಎಫ್ ಒತ್ತಿ, 'ನೋ ರಿಟರ್ನ್' ಪೆಟ್ಟಿಗೆಗೆ ಟಿಕ್ ಹಾಕಿ. ಟಿಕ್ ಹಾಕಿದರಷ್ಟೇ ಸಾಲದು, ಆಗಲೇ ತಪ್ಪಾಗಿ ಓದಿದ್ದು ಹಾಗೇ ಉಳಿದಿರಬಹುದು. ಕಾಲ್‌ನ ನಂತರದ ಸಾಲಿನಲ್ಲಿ 'ಕ್ಲಿಯರ್ ಫ್ಲೋ ಅಂಡ್ ರಿಪೇರ್' ಕೊಡಿ. ತಪ್ಪು ಟಿಕ್ ತೆಗೆದಾಗ ಇದಕ್ಕೆ ತಿರುಗುಮುರುಗು: ಕಾಲ್‌ನ ಮುಂದಿನ ಬೈಟ್ ಮೇಲೆ ಡಿ ಒತ್ತಿ ಡಿಸ್‌ಅಸೆಂಬಲ್ ಮಾಡಬೇಕು.

ಆರ್ಮ್‌ನ ಕಾರ್ಟೆಕ್ಸ್-ಎಂ ಚಿಪ್ ಇರುವ ಬೋರ್ಡ್‌ಗಳಲ್ಲಿ ಹುಡುಕಾಟ ಶುರುಮಾಡಲು ಒಳ್ಳೆಯ ಜಾಗ ರೀಸೆಟ್. ಸಿಸ್ಟಂ ರೀಸೆಟ್ ಫಂಕ್ಷನ್ 0ಎಕ್ಸ್‌ಇ000ಇಡಿ0ಸಿ ವಿಳಾಸಕ್ಕೆ ಬರೆದು ಕೊನೆಯಿಲ್ಲದ ಲೂಪ್‌ನಲ್ಲಿ ನಿಲ್ಲುತ್ತದೆ. ಸ್ಕೇಲರ್ (ಕೋಡ್‌ನೊಳಗಿನ ಸಂಖ್ಯೆ) ಹುಡುಕಾಟದಲ್ಲಿ, ಆ ವಿಳಾಸಕ್ಕೆ ಬರೆಯುವ 0ಎಕ್ಸ್‌05ಎಫ್‌ಎ0004 ಕೊಟ್ಟರೆ ಬಹಳ ಸಲ ನೇರ ಅಲ್ಲಿಗೇ ತಲುಪುತ್ತೀರಿ. ಮೊದಲ ಟಿಕ್ ಅದಕ್ಕೇ ಇರಲಿ.

ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಎರರ್ ಫಂಕ್ಷನ್ ವಿಷಯ ಬೇರೆ. ಮೊದಲ ಆರ್ಗ್ಯುಮೆಂಟ್ 0 ಆದರೆ ಮರಳುತ್ತದೆ, ಇಲ್ಲವಾದರೆ ಪ್ರೋಗ್ರಾಮನ್ನೇ ಮುಗಿಸುತ್ತದೆ. ಇಡೀ ಫಂಕ್ಷನ್‌ಗೆ ಟಿಕ್ ಹಾಕಿದರೆ ಅರ್ಧ ಸುಳ್ಳಾಗುತ್ತದೆ. ಮರಳದ ಆ ಒಂದು ಕಾಲ್ ಮೇಲೆ ಮಾತ್ರ ರೈಟ್ ಕ್ಲಿಕ್ ಮಾಡಿ, 'ಮಾಡಿಫೈ ಇನ್‌ಸ್ಟ್ರಕ್ಷನ್ ಫ್ಲೋ'ದಲ್ಲಿ 'ಕಾಲ್ ರಿಟರ್ನ್' ಆರಿಸಿ, ಆಗ ಟೂಲ್ ಆ ಕಾಲ್‌ನ ಮುಂದಕ್ಕೆ ಓದದು. ಇಷ್ಟು ಸೂಕ್ಷ್ಮ ಹಿಡಿತ ಕೊಡುವುದೇ ಈ ಟೂಲ್‌ನ ದೊಡ್ಡ ಹೆಗ್ಗಳಿಕೆ. ಒಂದೊಂದು ತಿದ್ದುಪಡಿ ಆದಮೇಲೂ ಸೇವ್ ಮಾಡಿ, ಆಷಾಢದ ಗಾಳಿಮಳೆಗೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು.