ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಳ್ಳೋರು ಸೀಟಿನ ಕೆಳಗಿನ ಡಬ್ಬ ತೆಗೆಸಿ ನೋಡಿ

ಇಲ್ಲದ ಬ್ಯಾಟರಿಯಿಂದಾಗಿ ಇಂಜಿನ್ ಬ್ಯಾಟರಿ ಹಾಳಾಯಿತು, ಅದನ್ನು ಹಾಳು ಮಾಡಿದ್ದು ನಾವಂತೆ. ಅದಕ್ಕೆ ಡೆಪಾಸಿಟ್‌ನಲ್ಲಿ ₹6,500 ಮುರಿದುಕೊಂಡಿದ್ದಾರೆ. ತಪ್ಪಾಗಿ ಟೈಪ್ ಮಾಡಿದ್ದೇನೆ ಅಂದುಕೊಳ್ಳಬೇಡಿ. ಗಾಡಿಯಲ್ಲಿ ಇರಬೇಕಾದ ಎರಡನೇ ಬ್ಯಾಟರಿ ಇರಲೇ ಇಲ್ಲ. ಅದು ಇಲ್ಲದ್ದಕ್ಕೆ ನಮಗೆ ದಂಡ. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಕಂಪ್ಲೇಂಟ್ ಕೊಟ್ಟಿದ್ದೇನೆ, ಹಾಗಾಗಿ ಗಾಡಿಯವರ ಹೆಸರು ಇಲ್ಲಿ ಹಾಕುವುದಿಲ್ಲ. ತುಮಕೂರು ರಸ್ತೆ ಕಡೆಯವರು ಅಂತ ಮಾತ್ರ ಹೇಳ್ತೀನಿ.

ದಸರಾ ರಜೆಗೆ ಮಕ್ಕಳು, ಅತ್ತೆ, ಮಾವ ಎಲ್ಲರನ್ನೂ ಕರೆದುಕೊಂಡು ಸಕಲೇಶಪುರದ ಕಡೆ ಹೋಗೋಣ ಅಂತ ಪ್ಲಾನ್. ಮಾವನಿಗೆ ಶುಗರ್, ಪದೇ ಪದೇ ಬಾತ್‌ರೂಮಿಗೆ ಹೋಗಬೇಕು. ನೆಲಮಂಗಲ ದಾಟಿದ ಮೇಲೆ ಎಲ್ಲಿ ನಿಲ್ಲಿಸೋದು ಅನ್ನೋದೇ ಪ್ರತಿ ಸಲದ ತಲೆನೋವು. ಗಾಡಿಯಲ್ಲೇ ಟಾಯ್ಲೆಟ್ ಇದ್ರೆ ಒಳ್ಳೇದಲ್ವಾ? ಅದಕ್ಕೇ ಕ್ಯಾಂಪರ್ ವ್ಯಾನ್ ಅಂದೆ. ಮನೆಯಲ್ಲಿ ಎಲ್ಲರನ್ನೂ ಒಪ್ಪಿಸಿದ್ದು ನಾನೇ. ಟೆಂಪೋ ಟ್ರಾವೆಲರ್ ಒಳಗೆ ಹಾಸಿಗೆ, ಸಿಂಕ್, ಫ್ರಿಜ್ ಕೂರಿಸಿದ ಗಾಡಿ. ಡ್ರೈವರ್ ಸಮೇತ ದಿನಕ್ಕೆ ₹9,000. ಡೀಸೆಲ್, ಟೋಲ್ ನಮ್ಮದು. ಡೆಪಾಸಿಟ್ ₹15,000. ಹಳದಿ ಬೋರ್ಡ್ ಇತ್ತು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಎಫ್‌ಸಿ ಎರಡೂ ನೋಡಿದ್ದೆ. ಎಲ್ಲಾ ಸರಿಯಾಗಿತ್ತು. ನೋಡಬೇಕಾದ್ದನ್ನೆಲ್ಲ ನೋಡಿಯೇ ದುಡ್ಡು ಕೊಟ್ಟಿದ್ದು, ಹೊಟ್ಟೆ ಉರಿಯೋದು ಅದಕ್ಕೇ.

ಇಂಥ ಗಾಡಿಯಲ್ಲಿ ಎರಡು ಬ್ಯಾಟರಿ ಇರಬೇಕು. ಒಂದು ಇಂಜಿನ್ ಸ್ಟಾರ್ಟ್ ಮಾಡೋಕೆ. ಇನ್ನೊಂದು ಒಳಗಿನ ಫ್ರಿಜ್, ಫ್ಯಾನ್, ಲೈಟು, ನೀರಿನ ಪಂಪಿಗೆ. ರಾತ್ರಿ ಎರಡನೆಯದು ಪೂರ್ತಿ ಖಾಲಿಯಾದರೂ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತೆ. ಶೆಡ್‌ನಲ್ಲಿ ಓನರ್ ಗಾಡಿಯೊಳಗಿನ ಗೋಡೆಯ ಮೇಲಿನ ಪ್ಯಾನಲ್ ತೋರಿಸಿ, "12.6 ವೋಲ್ಟ್ ನೋಡಿ ಮೇಡಂ, ಫುಲ್ ಚಾರ್ಜ್. ಸೆಕೆಂಡ್ ಬ್ಯಾಟರಿ 150 ಎಎಚ್, ಹೊಸದು" ಅಂದರು. ನಾನು ಅಲ್ಲೇ ಲೆಕ್ಕ ಹಾಕಿದೆ. ಎಎಚ್ ಅಂದರೆ ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ. 12 ವೋಲ್ಟ್, 150 ಎಎಚ್ ಅಂದರೆ 1,800 ವ್ಯಾಟ್ ಅವರ್. ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ಅರ್ಧ ಬಳಸೋದು ಒಳ್ಳೇದು, ಅಂದರೆ 900. ಪುಟ್ಟ ಫ್ರಿಜ್, ಎರಡು ಸಣ್ಣ ಫ್ಯಾನು, ಎಲ್‌ಇಡಿ ಲೈಟು ಎಲ್ಲ ಸೇರಿ 90 ವ್ಯಾಟ್ ಇರಬಹುದು. ಹತ್ತು ಗಂಟೆ ಆರಾಮಾಗಿ ಬರಬೇಕು. ಏಸಿ ಬ್ಯಾಟರಿಯಲ್ಲಿ ಓಡಲ್ಲ, ಅದಕ್ಕೆ ಹೊರಗಿನ ಕರೆಂಟ್ ಬೇಕು ಅಂತ ನನಗೂ ಗೊತ್ತಿತ್ತು. ಏಸಿ ಮುಟ್ಟೇ ಇಲ್ಲ ನಾವು.

ತೋಟದ ಹೋಂಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಿದೆವು. ರಾತ್ರಿ ಎರಡರ ಸುಮಾರಿಗೆ ಫ್ಯಾನ್ ನಿಂತಿತು. ಮಕ್ಕಳು ಎದ್ದು ಕೂತರು. ಲೈಟ್ ಸ್ವಿಚ್ ಒತ್ತಿದರೆ ಇಲ್ಲ. ಪಂಪ್ ಇಲ್ಲ, ಅಂದರೆ ಟಾಯ್ಲೆಟ್‌ನಲ್ಲಿ ನೀರಿಲ್ಲ. ಯಾರಿಗೋಸ್ಕರ ಈ ಗಾಡಿ ತಗೊಂಡೆವೋ ಆ ಮಾವ ಛತ್ರಿ, ಟಾರ್ಚ್ ಹಿಡಿದು ಮಳೆಯಲ್ಲಿ ಹೋಂಸ್ಟೇ ಬಾತ್‌ರೂಮಿಗೆ ನಡೆದರು. ಅವರೇನೂ ಅನ್ನಲಿಲ್ಲ. ಅತ್ತೆ ಅಂದರು: "ಸುಮ್ನೆ ರೂಮೇ ತಗೋಬಹುದಿತ್ತಲ್ಲಮ್ಮ."

ಬೆಳಿಗ್ಗೆ ಫ್ರಿಜ್ ತೆಗೆದರೆ ದೋಸೆ ಹಿಟ್ಟು ಉಬ್ಬಿ, ಡಬ್ಬದ ಮುಚ್ಚಳ ತಳ್ಳಿ, ಹಾಲಿನ ಪ್ಯಾಕೆಟ್ ಮೇಲೆಲ್ಲ ಸುರಿದಿತ್ತು. ಡ್ರೈವರ್ ಕೀ ತಿರುಗಿಸಿದ. ಟಿಕ್ ಟಿಕ್ ಅಂತಷ್ಟೇ. ಸ್ಟಾರ್ಟ್ ಆಗಲಿಲ್ಲ.

ಆಗ ನನಗೆ ಅನುಮಾನ ಬಂತು. ಎರಡನೇ ಬ್ಯಾಟರಿ ಖಾಲಿಯಾದರೆ ಇಂಜಿನ್ ಯಾಕೆ ಸ್ಟಾರ್ಟ್ ಆಗಲ್ಲ? ಹಿಂದಿನ ಸೀಟಿನ ಹಲಗೆ ಎತ್ತಿಸಿದೆ. ಕೆಳಗೆ ಬ್ಯಾಟರಿ ಡಬ್ಬ ಇತ್ತು. ಖಾಲಿ. ತಳದಲ್ಲಿ ಮೊದಲು ಬ್ಯಾಟರಿ ಕೂತಿದ್ದ ಜಾಗದ ಸುತ್ತ ಬಿಳಿ ಪುಡಿ ಕಟ್ಟಿದ ಚೌಕದ ಗುರುತು. ಎರಡು ದಪ್ಪ ವೈರಿಗೆ ಕಪ್ಪು ಟೇಪ್ ಸುತ್ತಿ ಮೂಲೆಗೆ ತಳ್ಳಿದ್ದರು. ಪಕ್ಕದಲ್ಲೇ ಇನ್ನೊಂದು ವೈರ್ ಎಳೆದು ಮುಂದಿನ ಇಂಜಿನ್ ಬ್ಯಾಟರಿಗೆ ಸೇರಿಸಿದ್ದರು. ಶೆಡ್‌ನಲ್ಲಿ ತೋರಿಸಿದ ಆ 12.6 ಇಂಜಿನ್ ಬ್ಯಾಟರಿಯದು! ನಾನು ಅದನ್ನೇ ನೋಡಿ ತಲೆಯಾಡಿಸಿ, ಲೆಕ್ಕ ಬೇರೆ ಹಾಕಿದ್ದೆ. ಡ್ರೈವರ್ ಮುಖ ನೋಡಿದೆ. "ನಂಗೇನೂ ಗೊತ್ತಿಲ್ಲ ಮೇಡಂ" ಅಂತ ಬೀಡಿ ಹಚ್ಚಲು ಆಚೆ ಹೋದ.

ಓನರ್‌ಗೆ ಫೋನ್ ಮಾಡಿದೆ. ಮೊದಲನೇ ಮಾತು: "ಸರ್‌ಗೆ ಫೋನ್ ಕೊಡಿ ಮೇಡಂ, ಇದು ಟೆಕ್ನಿಕಲ್ ವಿಷಯ." ಸರ್ ಅಂದರೆ ನಮ್ಮನೆಯವರು. ಅವರಿಗೆ ಫ್ಯೂಸ್ ಹಾಕೋಕೂ ಬರಲ್ಲ. ನನ್ನ ಹತ್ತಿರವೇ ಮಾತಾಡಿ ಅಂದೆ.

"ಲೋಡ್ ಜಾಸ್ತಿ ಹಾಕಿದೀರಿ ಮೇಡಂ. ಏಸಿ ಹಾಕಿರ್ತೀರಿ."

ಹಾಕಿಲ್ಲ. ಸೆಕೆಂಡ್ ಬ್ಯಾಟರಿ ಎಲ್ಲಿ?

"ಇದೆ ಮೇಡಂ, ಸೀಟ್ ಕೆಳಗೆ."

ಫೋಟೊ ಕಳಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ವಾಯ್ಸ್ ಮೆಸೇಜ್: "ಅದು ಸರ್ವೀಸ್‌ಗೆ ಹೋಗಿದೆ ಮೇಡಂ. ರಾತ್ರಿ ಇಂಜಿನ್ ಆನ್ ಮಾಡ್ಕೊಂಡು ಮಲಗಿದ್ರೆ ಪ್ರಾಬ್ಲಮ್ಮೇ ಇರ್ತಿರಲಿಲ್ಲ. ಇದು ಹೋಟೆಲ್ ಅಲ್ಲ, ಅಡ್ವೆಂಚರ್ ಅಲ್ವಾ?"

ಇಂಜಿನ್ ಆನ್ ಮಾಡಿಕೊಂಡು ಮಲಗಬೇಕಂತೆ! ನಿಂತ ಗಾಡಿಯ ಹೊಗೆ ಒಳಗೆ ಸೇರಿದರೆ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಯಾವ ಓನರ್ ಹೇಳಿದರೂ ಮಾಡಬೇಡಿ.

ಕೊನೆಗೆ ಹೋಂಸ್ಟೇಯವರೇ ತಮ್ಮ ಪಿಕಪ್ ತಂದು ಜಂಪರ್ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಟ್ಟರು. ಟೀ ಬೇರೆ ಕೊಟ್ಟರು. ಬೆಂಗಳೂರಿಂದ ಮನೆಯನ್ನೇ ಹೊತ್ತು ತಂದವರು ನಮ್ಮ ಬಾತ್‌ರೂಮ್ ಕೇಳ್ತಾರಲ್ಲ ಅಂತ ಮನಸ್ಸಲ್ಲಿ ನಕ್ಕಿರಬೇಕು. ಮಂಜರಾಬಾದ್ ಕೋಟೆಗೆ ಅಂತ ಇಟ್ಟಿದ್ದ ಬೆಳಿಗ್ಗೆ ಹೀಗೇ ಹೋಯಿತು. ನಕ್ಷತ್ರದ ಆಕಾರದ ಕೋಟೆ ತೋರಿಸ್ತೀನಿ ಅಂತ ಮಕ್ಕಳಿಗೆ ಹೇಳಿ ಹೇಳಿ ಇಟ್ಟಿದ್ದೆ. ಮತ್ತೆ ಇಂಜಿನ್ ಆಫ್ ಮಾಡುವ ಧೈರ್ಯ ಬರಲಿಲ್ಲ. ಸೀದಾ ಹಾಸನ, ಚನ್ನರಾಯಪಟ್ಟಣ, ಬೆಂಗಳೂರು.

ಗಾಡಿ ವಾಪಸ್ ಕೊಟ್ಟಾಗ ಬಿಲ್ ಬಂತು. "ಬ್ಯಾಟರಿ ಡ್ಯಾಮೇಜ್ ₹6,500." ಯಾವ ಬ್ಯಾಟರಿ ಸ್ವಾಮಿ ಅಂದೆ. "ಇಂಜಿನ್ ಬ್ಯಾಟರಿ ಡೀಪ್ ಡಿಸ್ಚಾರ್ಜ್ ಆಗಿದೆ ಮೇಡಂ, ಲೈಫ್ ಹೋಯ್ತು." ಅದು ಅಷ್ಟು ಖಾಲಿಯಾಗಿದ್ದು ಯಾಕೆ? ಎರಡನೆಯದನ್ನು ತೆಗೆದು ಅದರ ಕೆಲಸವನ್ನೂ ಇದರ ಮೇಲೆ ಹಾಕಿದ್ದಕ್ಕೆ ತಾನೆ? ಇದಕ್ಕೆ ಬಂದ ಉತ್ತರ: "ಅಗ್ರಿಮೆಂಟ್‌ನಲ್ಲಿ ಸೈನ್ ಮಾಡಿದೀರಲ್ಲ ಮೇಡಂ." ಅಗ್ರಿಮೆಂಟ್‌ನಲ್ಲಿ 150 ಎಎಚ್ ಸೆಕೆಂಡ್ ಬ್ಯಾಟರಿ ಅಂತಲೂ ಇದೆ. ಆ ಸಾಲಿಗೆ ಮಾತ್ರ ಉತ್ತರ ಇಲ್ಲ.

ಹೋಗೋರಿಗೆ ಹೇಳೋದಿಷ್ಟೇ. ಪ್ಯಾನಲ್ ನಂಬಬೇಡಿ. ಸೀಟು ಎತ್ತಿಸಿ, ಎರಡು ಬ್ಯಾಟರಿಯನ್ನೂ ಕಣ್ಣಾರೆ ನೋಡಿ, ವಿಡಿಯೊ ಮಾಡಿ. ಪಂಪ್ ಹಾಕಿಸಿ ನಲ್ಲಿಯಲ್ಲಿ ನೀರು ಬರುತ್ತಾ ನೋಡಿ. ಟಾಯ್ಲೆಟ್ ಕ್ಯಾಸೆಟ್, ಅಂದರೆ ಗಲೀಜು ಸೇರೋ ಡಬ್ಬ, ಹಿಂದಿನವರದ್ದು ಖಾಲಿ ಮಾಡಿದ್ದಾರಾ ಕೇಳಿ, ಅದು 20 ಲೀಟರ್ ಹಿಡಿದರೆ ಹೆಚ್ಚು, ದೊಡ್ಡ ಸಂಸಾರಕ್ಕೆ ಬೇಗ ತುಂಬುತ್ತೆ. ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಕೊಟ್ಟರೆ ತಗೊಳ್ಳಲೇಬೇಡಿ, ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಡೆಪಾಸಿಟ್ ಕ್ಯಾಶ್ ಕೊಡಬೇಡಿ.

ನಾನು 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ಕಂಪ್ಲೇಂಟ್ ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. ಕೊಟ್ಟ ದುಡ್ಡು ₹5 ಲಕ್ಷದೊಳಗಿದ್ದರೆ ಅಲ್ಲಿ ಫೀಸೂ ಇಲ್ಲ. ವಿಷಯ ಗೊತ್ತಾದ ಮೇಲೆ ಓನರ್ ಮೆಸೇಜ್ ಬಂದಿದೆ: "ಕಂಪ್ಲೇಂಟ್ ವಾಪಸ್ ತಗೊಂಡ್ರೆ ಅರ್ಧ ಹಾಕ್ತೀನಿ ಮೇಡಂ, ಸರ್ ಹತ್ರ ಮಾತಾಡಿಸಿ." ಮತ್ತೆ ಸರ್!

ಪೂರ್ತಿ ಬರೋವರೆಗೂ ಬಿಡಲ್ಲ. ತುಮಕೂರು ರಸ್ತೆ ಕಡೆ ಯಾರಾದರೂ ಕ್ಯಾಂಪರ್ ವ್ಯಾನ್ ಬುಕ್ ಮಾಡಿದ್ದರೆ ಅಡ್ವಾನ್ಸ್ ಹಾಕೋ ಮುಂಚೆ ನನಗೆ ಮೆಸೇಜ್ ಮಾಡಿ. ಖಾಲಿ ಡಬ್ಬದ ಫೋಟೊ ಕಳಿಸ್ತೀನಿ, ಅದೇ ಗಾಡಿನಾ ನೋಡ್ಕೊಳ್ಳಿ.