ತಾಳ್ಮೆ ಇದ್ರೆ ಮಾತ್ರ ಆರ್ಡರ್ ಕೊಡಿ: ಹಳೇ ಎನ್‌ಫೀಲ್ಡ್ ರೈಫಲ್‌ಗೆ ಲೇತಲ್ಲಿ ಕಡೆಸಿದ ಪಾರ್ಟ್ಸು

ಮೊದ್ಲೇ ಹೇಳ್ಬಿಡ್ತೀನಿ, ನನ್ ಹತ್ರ ಇರೋದು ಹೊಡೆಯೋ ರೈಫಲ್ ಅಲ್ಲ, ಬ್ಯಾರಲ್ ಮುಚ್ಚಿಸಿ ಕಾಗದಪತ್ರ ಸಮೇತ ನಿಷ್ಕ್ರಿಯ ಮಾಡ್ಸಿರೋದು, ಗೋಡೆ ಮೇಲೆ ಕೂರೋಕಷ್ಟೇ. ಬ್ರಿಟಿಷ್ ಸೈನ್ಯದ ಶಾರ್ಟ್ ಮ್ಯಾಗಝೀನ್ ಲೀ-ಎನ್‌ಫೀಲ್ಡ್, ಮಾರ್ಕ್ 3. ಬೋಲ್ಟ್ (ಗುಂಡನ್ನ ಬ್ಯಾರಲ್ ಒಳಕ್ಕೆ ತಳ್ಳೋ ಭಾಗ) ಹಿಡಿ ಪಕ್ಕದ ಕಬ್ಬಿಣದ ಪಟ್ಟಿ ಮೇಲೆ ಕಿರೀಟ, ಅದ್ರ ಕೆಳಗೆ ಜಿ.ಆರ್., ಅದ್ರ ಕೆಳಗೆ 1912. ಅಂದ್ರೆ ಐದನೇ ಜಾರ್ಜ್ ಕಾಲದ್ದು, ಮೊದಲ ಮಹಾಯುದ್ಧಕ್ಕೆ ಎರಡು ವರ್ಷ ಮುಂಚಿನ ಮಾಲು. ಈ ಮಾಡೆಲ್ ಬಂದಿದ್ದು 1907ರಲ್ಲಿ, ಆಗ ಇದಕ್ಕೆ ಶೋಕಿ ಪಾರ್ಟ್ಸ್ ಬೇಜಾನ್ ಇದ್ವು. ಯುದ್ಧ ಶುರುವಾಗಿ ದಿನಕ್ಕೆ ಸಾವಿರಾರು ರೈಫಲ್ ಬೇಕು ಅಂದಾಗ ಅವನ್ನೆಲ್ಲ ಕಿತ್ತಾಕಿ ಮಾರ್ಕ್ 3 ಸ್ಟಾರ್ ಅಂತ ಸರಳ ಮಾಡಿದ್ರು, ಹಳೇವು ರಿಪೇರಿಗೆ ಬಂದಾಗ ಅವುಕ್ಕೂ ಅದೇ ಗತಿ. ನಂದಕ್ಕೂ ಆಗಿತ್ತು.

ಕಳ್ಕೊಂಡಿದ್ದು ಮುಖ್ಯವಾಗಿ ಎರಡು. ಒಂದು ಮ್ಯಾಗಝೀನ್ ಕಟ್ ಆಫ್, ಬಲಗಡೆ ಒಂದು ತೆಳ್ಳನೆ ತಗಡು, ಒಳಕ್ಕೆ ತಳ್ಳಿದ್ರೆ ಮ್ಯಾಗಝೀನ್, ಅಂದ್ರೆ ಗುಂಡು ತುಂಬೋ ಡಬ್ಬಿ, ಮುಚ್ಕೊಳ್ಳತ್ತೆ, ಸೈನಿಕ ಒಂದೊಂದೇ ಗುಂಡು ಹಾಕ್ಕೊಂಡು ಹೊಡೀಬೇಕು, ಒಳಗಿರೋ ಹತ್ತು ಗುಂಡು ಕಷ್ಟಕಾಲಕ್ಕೆ. ಗುಂಡು ದಂಡ ಆಗ್ಬಾರ್ದು ಅನ್ನೋ ಹಳೇ ಕಾಲದ ಜಿಪುಣತನ. ಇನ್ನೊಂದು ವಾಲಿ ಸೈಟ್, ಅಂದ್ರೆ ತುಂಬಾ ದೂರಕ್ಕೆ ಗುರಿ ಹಿಡಿಯೋ ಸಾಧನ, ಎಡಗಡೆ ಮರದ ಮೇಲೆ ಒಂದು ಡಯಲ್ಲು, ಅದಕ್ಕೊಂದು ಮುಳ್ಳು. ಮೇಲಿರೋ ಮಾಮೂಲಿ ಸೈಟೇ 2,000 ಗಜದ ತನಕ ಇದೆ, ಅದನ್ನೂ ದಾಟಿ ದೂರದಲ್ಲಿರೋ ಗುಂಪಿನ ಮೇಲೆ ಇಡೀ ತುಕಡಿ ಒಟ್ಟಿಗೆ ಗುಂಡಿನ ಮಳೆ ಸುರಿಸಲಿ ಅಂತ ಈ ಡಯಲ್ಲು. ಒಬ್ಬ ಮನುಷ್ಯ ಕಣ್ಣಿಗೇ ಕಾಣದ ದೂರ ಅದು, ಮೆಷಿನ್ ಗನ್ ಬಂದ್ಮೇಲೆ ಯಾರಿಗೂ ಬೇಡ್ವಾಯ್ತು.

ಅಸಲಿ ಪಾರ್ಟ್ಸ್ ಸಿಗೋದು ಕಷ್ಟ, ಸಿಕ್ಕಿದ್ರೂ ರೈಫಲ್‌ಗಿಂತ ಅದೇ ದುಬಾರಿ. ಮೊದ್ಲು ಒಂದ್ಕಡೆಯಿಂದ ಅಚ್ಚಲ್ಲಿ ಎರಕ ಹೊಯ್ದ ಸೆಟ್ ತರಿಸಿ ಕೈ ಸುಟ್ಕೊಂಡಿದ್ದೆ, ಮೈಯೆಲ್ಲಾ ಸಿಡುಬು ಬಂದಂಗೆ ಗುಳಿಗುಳಿ, ಮುಳ್ಳು ಡಯಲ್ ಮೇಲೆ ಕೂರೋದೇ ಇಲ್ಲ. ಆಮೇಲೆ ಒಬ್ರು ಹೇಳಿದ್ರು, ಒಬ್ರೇ ಕೂತು ಲೇತು, ಮಿಲ್ಲಿಂಗ್ ಮೆಷಿನ್ ಇಟ್ಕೊಂಡು ಹಳೇ ರೈಫಲ್‌ಗಳಿಗೆ ಪಾರ್ಟ್ಸ್ ಮಾಡ್ಕೊಡೋರು ಇದಾರೆ ಅಂತ. ಅವರ ಕೆಲಸದ ಬಗ್ಗೆನೇ ಈ ರಿವ್ಯೂ. ಹೆಸರು ಹಾಕಲ್ಲ, ಈಗಿರೋ ಆರ್ಡರ್‌ಗೇ ಅವರಿಗೆ ಉಸಿರಾಡೋಕೆ ಪುರುಸೊತ್ತಿಲ್ಲ.

ಆರ್ಡರ್ ಕೊಟ್ಟಿದ್ದು ಮೂರು ಐಟಂಗೆ: ಕಟ್ ಆಫ್, ಡಯಲ್ ಸೆಟ್, ಮತ್ತೆ ಟ್ರಿಗರ್ ಗಾರ್ಡ್ ಮುಂದಿನ ಸ್ಕ್ರೂ ಹಾದುಹೋಗೋ ಒಂದು ಪುಟಾಣಿ ಕಾಲರ್. ಬೋಲ್ಟು, ರಿಸೀವರ್ (ಬೋಲ್ಟ್ ಓಡಾಡೋ ಮೇನ್ ಬಾಡಿ), ಬ್ಯಾರಲ್ ಥರ ಒತ್ತಡ ತಡ್ಕೊಳ್ಳೋ ಭಾಗ ಯಾವ್ದನ್ನೂ ಮುಟ್ಟಲ್ಲ, ಅದು ಲೈಸೆನ್ಸ್ ಇರೋ ಬಂದೂಕು ರಿಪೇರಿಯವರ ಕೆಲಸ ಅಂತ ಅವರು ಮೊದಲ ಮಾತಲ್ಲೇ ಹೇಳಿದ್ರು, ನಂಗೆ ಅಲ್ಲೇ ಅರ್ಧ ನಂಬಿಕೆ ಬಂತು.

ಉಳಿದರ್ಧ ಬಂದಿದ್ದು ಕಾಲರ್ ವಿಷಯದಲ್ಲಿ. ಇದು ಬೆರಳ ತುದಿ ಮೇಲೆ ಕೂರೋ ಒಂದು ಕಬ್ಬಿಣದ ಕೊಳವೆ ತುಂಡು ಅಷ್ಟೇ, ಆದ್ರೆ ಸ್ಕ್ರೂ ಬಿಗಿ ಮಾಡಿದಾಗ ಮರ ಜಜ್ಜಿ ಹೋಗ್ದಂಗೆ ತಡೆಯೋದು ಇದೇ. ಗಿಡ್ಡ ಆದ್ರೆ ಮರ ನುಗ್ಗಾಗತ್ತೆ, ಉದ್ದ ಆದ್ರೆ ಗಾರ್ಡ್ ಗಡಗಡ. ನನ್ ರೈಫಲಲ್ಲಿ ಯಾವ ಪುಣ್ಯಾತ್ಮನೋ ಕಾಲರೇ ಇಲ್ದೆ ಬಿಗಿದಿದ್ದ, ಅಲ್ಲೊಂದು ಬಿರುಕು ಕೂಡ ಇತ್ತು. ನಾನು ವರ್ನಿಯರ್ ಹಿಡ್ದು ಮರದ ದಪ್ಪ ಅಳೆದು ಕಳ್ಸಿದೆ. ಸಂಜೆಗೇ ಫೋನು. "ಸಾರ್, ಈ ಅಳತೆ ಕಾಲರ್ ಇಲ್ದಿರೋ ಮರದ್ದಾ?" ಹೌದು ಅಂದೆ. "ಹಂಗಾದ್ರೆ ಇದು ಆಗಲೇ ಜಜ್ಜಿರೋ ಮರದ ಅಳತೆ, ಇದಕ್ಕೆ ಕಾಲರ್ ಮಾಡಿದ್ರೆ ಜಜ್ಜಿದ್ದನ್ನೇ ಖಾಯಂ ಮಾಡ್ದಂಗೆ. ಮರಾನೂ ಗಾರ್ಡೂ ಪ್ಯಾಕ್ ಮಾಡಿ ಕಳ್ಸಿ." ಕಳ್ಸಿದೆ. ಜಜ್ಜಿದ ಜಾಗಕ್ಕೆ ವಾಲ್ನಟ್ ಮರದ ಚೂರು ಕೂರಿಸಿ, ಆಮೇಲೆ ಕಾಲರನ್ನ ಸ್ವಲ್ಪ ಉದ್ದಕ್ಕೇ ಕಡೆದು, ಹಾಕಿ ನೋಡಿ ತೆಗೆದು ಕೂದಲೆಳೆಯಷ್ಟು ಉಜ್ಜಿ, ಮತ್ತೆ ಹಾಕಿ ನೋಡಿದಾರೆ. ಈಗ ಸ್ಕ್ರೂ ತಿರುಗಿಸ್ತಾ ಹೋದ್ರೆ ಕೊನೇಲಿ ಟಕ್ ಅಂತ ನಿಲ್ಲತ್ತೆ, ಒಂದು ಚೂರೂ ಮುಂದಕ್ಕೆ ಹೋಗಲ್ಲ. ಜೋಡಿಸಿದ ಮೇಲೆ ಹೊರಗಿಂದ ಕಾಣೋದೇ ಇಲ್ಲ ಈ ಪಾರ್ಟು, ನಂಗೆ ಮೂರರಲ್ಲೂ ಅದೇ ಬೆಸ್ಟ್.

ಕಟ್ ಆಫ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಚೆನ್ನಾಗಿದೆ. ಇಎನ್8 ಅನ್ನೋ ಮಧ್ಯಮ ಕಾರ್ಬನ್ ಸ್ಟೀಲಲ್ಲಿ ಮಾಡಿದಾರೆ, ಅಂಚುಗಳನ್ನ ಅರದಲ್ಲಿ ಉದ್ದಕ್ಕೆ ಎಳೆದು ಮಿಲ್ಲಿಂಗ್ ಗೀರು ತೆಗೆದಿದಾರೆ. ನನ್ ರಿಸೀವರಲ್ಲಿ ಅದಕ್ಕೆ ಬೇಕಾದ ಸೀಳು ಹಂಗೇ ಉಳ್ಕೊಂಡಿತ್ತು, ನಾನೇ ಕೂರಿಸ್ದೆ. ಸ್ಟಾರ್ ಮಾಡೆಲ್ ಎಷ್ಟೋ ಬಾಡಿಗಳಲ್ಲಿ ಆ ಸೀಳೇ ಇರಲ್ಲ, ಆರ್ಡರ್ ಮುಂಚೆ ನೋಡ್ಕೊಳ್ಳಿ. ದಯವಿಟ್ಟು ಕೊರೆಸೋಕೆ ಹೋಗ್ಬೇಡಿ.

ಈಗ ಬೈಗುಳ. ಡಯಲ್ ಪ್ಲೇಟಿನ ಸ್ಕ್ರೂ ಮೊದಲನೇ ಸಲ ತಪ್ಪು ಬಂತು. ಎರಡು ಸುತ್ತು ಸಲೀಸಾಗಿ ಹೋಯ್ತು, ಮೂರನೇದಕ್ಕೆ ಬಿಗಿ ಹಿಡೀತು, ಎಣ್ಣೆ ಕಡಿಮೆ ಆಯ್ತೇನೋ ಅಂತ ಇನ್ನೊಂಚೂರು ಒತ್ತೋಣ ಅನ್ಕೊಂಡೆ, ಏನೋ ದೇವ್ರು ಬುದ್ಧಿ ಕೊಟ್ಟ, ತೆಗೆದು ಭೂತಗನ್ನಡಿ ಹಿಡ್ದು ನೋಡ್ದೆ. ಥ್ರೆಡ್ಡಿನ ತುದಿ ಎಲ್ಲಾ ಒಂದೇ ಕಡೆ ಹೊಳೀತಿತ್ತು. ಹಳೇ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಈಗಿನ ಮೆಟ್ರಿಕ್ಕು 60, ಸಾಲದ್ದಕ್ಕೆ ಎನ್‌ಫೀಲ್ಡ್‌ನವರು ಎಷ್ಟೋ ಸ್ಕ್ರೂಗೆ ತಮ್ಮದೇ ಪಿಚ್ (ಥ್ರೆಡ್ ಥ್ರೆಡ್ ನಡುವಿನ ಅಂತರ) ಇಟ್ಕೊಂಡಿದ್ರು, ಅಂಗಡಿ ಸ್ಕ್ರೂ ಯಾವ್ದೂ ಸರಿಹೋಗಲ್ಲ. ಇವರು ಹತ್ರಹತ್ರದ ಯಾವ್ದೋ ಡೈ (ಥ್ರೆಡ್ ಕತ್ತರಿಸೋ ಅಚ್ಚು) ಹಾಕಿ ಕಳ್ಸಿದ್ರು. ಮೂರನೇ ಸುತ್ತಿಗೆ ನಾನು ಶಕ್ತಿ ತೋರ್ಸಿದ್ರೆ ನೂರು ವರ್ಷ ಬಾಳಿದ ಥ್ರೆಡ್ ನನ್ ಕೈಲೇ ಮುಗೀತಿತ್ತು. ಫೋನ್ ಮಾಡಿದ್ರೆ ವಾದ ಮಾಡ್ಲಿಲ್ಲ, ತಪ್ಪಾಯ್ತು ಅಂದು ಸರಿಯಾದ್ದನ್ನ ಲೇತಲ್ಲೇ ಥ್ರೆಡ್ ಹೊಡ್ದು ಕಳ್ಸಿದ್ರು, ಆದ್ರೆ ಅದಕ್ಕೆ ಮತ್ತೆ ಆರು ವಾರ. ಒಟ್ಟು ಎಂಟು ತಿಂಗಳು ಹಿಡೀತು. ಮೆಸೇಜ್‌ಗೆ ಉತ್ತರ ಬರಲ್ಲ, ಫೋನೇ ಮಾಡ್ಬೇಕು, ಅದೂ ಮೆಷಿನ್ ಓಡ್ತಿದ್ರೆ ಎತ್ತಲ್ಲ.

ಎರಡನೇ ತಕರಾರು ಡಯಲ್ ಮೇಲಿನ ಅಂಕಿಗಳು. ಅಸಲಿ ಡಯಲ್ಲಲ್ಲಿ ಅಂಕಿ ಹೊಡೆದಿರೋದು ಪಂಚಲ್ಲಿ, ಸುತ್ತ ಲೋಹ ಸಣ್ಣಗೆ ಉಬ್ಬಿರತ್ತೆ. ಇವರದ್ದು ಕಂಪ್ಯೂಟರ್ ಮೆಷಿನ್ ಕೊರೆದಿದ್ದು, ಕ್ಯಾಲ್ಕುಲೇಟರ್ ಅಂಕಿ ಥರ ಸಾಲಾಗಿ ನೀಟಾಗಿ ನಿಂತಿವೆ. ನೂರು ವರ್ಷದ ಮುದುಕನಿಗೆ ಹೊಸ ಹಲ್ಲು ಸೆಟ್ ಹಾಕ್ದಂಗೆ. ಆದ್ರೆ ಒಂದು ವಿಷಯ ಮೆಚ್ಬೇಕು, ಹಳೇ ಕಾರ್ಖಾನೆಯ ಕಿರೀಟದ ಗುರುತು, ಇನ್‌ಸ್ಪೆಕ್ಟರ್ ಮುದ್ರೆ ಯಾವ್ದನ್ನೂ ನಕಲಿ ಮಾಡಲ್ಲ, ಪ್ಲೇಟಿನ ಹಿಂಬದಿಗೆ ತಮ್ಮದೇ ಚಿಕ್ಕ ಗುರುತು ಒತ್ತಿರ್ತಾರೆ. ನಾಳೆ ಇದು ಇನ್ಯಾರದ್ದೋ ಕೈ ಸೇರಿದಾಗ ಬಿಚ್ಚಿ ನೋಡಿದ್ರೆ ಹೊಸದು ಅಂತ ಗೊತ್ತಾಗತ್ತೆ.

ಪಾರ್ಟ್ಸ್ ಬರೋದು ಬರೀ ಬಿಳಿ ಸ್ಟೀಲಾಗಿ, ಬಣ್ಣ ನಾವೇ ಏರಿಸ್ಕೋಬೇಕು. ನಾನು ತುಕ್ಕು ಹಿಡಿಸಿ ಕಪ್ಪು ಮಾಡೋ ಹಳೇ ವಿಧಾನ ಹಿಡಿದೆ, ದ್ರಾವಣ ಸವರಿ ತೇವದಲ್ಲಿಟ್ರೆ ಬೆಳಗ್ಗೆ ಹೊತ್ತಿಗೆ ಕೆಂಪು ತುಕ್ಕು, ಅದನ್ನ ಡಿಸ್ಟಿಲ್ಡ್ ವಾಟರಲ್ಲಿ ಕುದಿಸಿದ್ರೆ ಕಣ್ಮುಂದೇನೇ ಕೆಂಪು ಕಪ್ಪಾಗತ್ತೆ, ಎಣ್ಣೆ ಪಸೆ ತೆಗೆದ ಸ್ಟೀಲ್ ವುಲ್ಲಲ್ಲಿ ಉಜ್ಜಿ ಮತ್ತೆ ಮೊದಲಿಂದ. ಆರು ಸಲ ಮಾಡ್ದೆ. ಕಟ್ ಆಫ್ ಈಗ ಹಳೇ ಬಾಡಿ ಜೊತೆ ಬೆರೆತುಹೋಗಿದೆ, ಡಯಲ್ ಮಾತ್ರ ಆ ಅಂಕಿಗಳಿಂದ ದೂರದಿಂದ್ಲೇ ಸಿಕ್ಕಿಬೀಳತ್ತೆ.

ಅಂಕಿ ಇಲ್ದಿರೋ ಖಾಲಿ ಡಯಲ್ ಪ್ಲೇಟ್ ಇನ್ನೊಂದು ಆರ್ಡರ್ ಹಾಕಿದೀನಿ, ಪಂಚ್ ನಾನೇ ಹೊಡ್ಕೋತೀನಿ ಅಂತ. "ಸೊಟ್ಟ ಆದ್ರೆ ನನ್ನ ಬೈಬೇಡಿ ಸಾರ್" ಅಂದಿದಾರೆ. ಸೊಟ್ಟ ಆಗ್ಲಿ ಅಂತಾನೇ ತಾನೆ ಇಷ್ಟೆಲ್ಲಾ.