ಗುಟ್ಟು ಗೊತ್ತಾದ ಮೇಲೂ ಓದಿಸುವವರು ಯಾರು? ಹಿಗಾಶಿನೊ, ಟಾನಾ ಫ್ರೆಂಚ್, ಹೊರೊವಿಟ್ಜ್

"ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಅದರಲ್ಲಿ ಇನ್ನೇನಿದೆ?" ಪತ್ತೇದಾರಿ ಕಾದಂಬರಿ ಓದುವವರೆಲ್ಲ ಈ ಪ್ರಶ್ನೆ ಕೇಳಿಸಿಕೊಂಡಿರುತ್ತಾರೆ. ಎಷ್ಟೋ ಪುಸ್ತಕಗಳ ಮಟ್ಟಿಗೆ ಅದು ನಿಜವೂ ಹೌದು. ಒಂದು ಸಲ ಓದಿ, ಯಾರಿಗಾದರೂ ಕೊಟ್ಟು, ಮರೆತುಬಿಡಬಹುದು. ನನಗೆ ಬೇಕಿದ್ದದ್ದು ಕಪಾಟಿನಲ್ಲಿ ಇಟ್ಟುಕೊಳ್ಳುವಂಥ ಪತ್ತೇದಾರಿ ಕಾದಂಬರಿ. ಅದಕ್ಕೇ ಈಗ ಬರೆಯುತ್ತಿರುವ ಮೂವರನ್ನು ಆರಿಸಿಕೊಂಡು, ಓದಿದ್ದನ್ನೇ ಮತ್ತೆ ಓದಿದೆ. ಕೊನೆ ಗೊತ್ತಿದ್ದೂ ಪುಸ್ತಕ ಕೈಬಿಡಬಾರದು. ನನ್ನ ಪರೀಕ್ಷೆ ಇಷ್ಟೇ.

ಜಪಾನಿನ ಕೆಯ್ಗೊ ಹಿಗಾಶಿನೊ, ಡಬ್ಲಿನ್‌ನಲ್ಲಿ ನೆಲೆಸಿರುವ ಟಾನಾ ಫ್ರೆಂಚ್, ಇಂಗ್ಲೆಂಡಿನ ಆಂಟನಿ ಹೊರೊವಿಟ್ಜ್. ಪುಸ್ತಕದಂಗಡಿಗಳಲ್ಲಿ ಮೂವರೂ ಒಂದೇ ಸಾಲಿನಲ್ಲಿ ಸಿಗುತ್ತಾರೆ. "ಯಾರಿಂದ ಶುರು ಮಾಡಲಿ?" ಅಂತ ಕೇಳುವವರೂ ಈ ಮೂರು ಹೆಸರನ್ನೇ ಹಿಡಿದುಕೊಂಡು ಬರುತ್ತಾರೆ. ಯಾವ ಕಾದಂಬರಿಯ ಕೊನೆಯ ಗುಟ್ಟನ್ನೂ ಇಲ್ಲಿ ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಓದಿ. ಫ್ರೆಂಚ್ ಅವರ ಮೊದಲ ಕಾದಂಬರಿಯ ವಿಷಯದಲ್ಲಿ ಮಾತ್ರ ಒಂದು ಮಾತು ಮುಂಚೆಯೇ ಹೇಳಬೇಕಾಗುತ್ತದೆ. ಅದು ಬಂದಾಗ ಎಚ್ಚರಿಸುತ್ತೇನೆ.

ಮೊದಲು ಹೊರೊವಿಟ್ಜ್. ಮೂವರಲ್ಲಿ ಸಲೀಸಾಗಿ ಓದಿಸಿಕೊಂಡು ಹೋಗುವವರು ಇವರು. ಟಿವಿಗೆ ಬರೆದು ಪಳಗಿದ ಕೈ. 'ಫಾಯ್ಲ್ಸ್ ವಾರ್' ಎಂಬ ಬ್ರಿಟಿಷ್ ಧಾರಾವಾಹಿಯನ್ನು ಹುಟ್ಟುಹಾಕಿದವರು. ಕಾನನ್ ಡಾಯ್ಲ್ ಬರಹಗಳ ಹಕ್ಕುದಾರರ ಒಪ್ಪಿಗೆ ಪಡೆದು 2011ರಲ್ಲಿ ಶೆರ್ಲಾಕ್ ಹೋಮ್ಸ್‌ನ ಹೊಸ ಕಾದಂಬರಿ ಬರೆದವರೂ ಇವರೇ. 2016ರ 'ಮ್ಯಾಗ್‌ಪೈ ಮರ್ಡರ್ಸ್' ಒಂದರೊಳಗೆ ಇನ್ನೊಂದು ಕಾದಂಬರಿ ಇರುವ ಪುಸ್ತಕ. ಸೂಸನ್ ರೈಲೆಂಡ್ ಎಂಬ ಸಂಪಾದಕಿ ತನ್ನ ಲೇಖಕ ಅಲನ್ ಕಾನ್‌ವೇ ಕಳಿಸಿದ ಹಸ್ತಪ್ರತಿ ಓದಲು ಕೂರುತ್ತಾಳೆ. ಅವಳ ಜೊತೆ ನಾವೂ ಓದುತ್ತೇವೆ. 1955ರ ಇಂಗ್ಲೆಂಡಿನ ಒಂದು ಹಳ್ಳಿ. ಜಮೀನ್ದಾರರ ಮನೆಯ ಮೇಲ್ವಿಚಾರಕಿ ಮೆಟ್ಟಿಲಿನಿಂದ ಬಿದ್ದು ಸತ್ತಿದ್ದಾಳೆ. ಆಮೇಲೆ ಜಮೀನ್ದಾರನ ತಲೆಯೇ ಹೋಗುತ್ತದೆ. ಪತ್ತೇದಾರ ಆಟಿಕಸ್ ಪೂಂಡ್ ಇನ್ನೇನು ಗುಟ್ಟು ಬಿಡಿಸಬೇಕು, ಅಷ್ಟರಲ್ಲಿ ಹಸ್ತಪ್ರತಿ ಮುಗಿದುಹೋಗುತ್ತದೆ. ಕೊನೆಯ ಭಾಗವೇ ಇಲ್ಲ. ಅದನ್ನು ಬರೆದ ಕಾನ್‌ವೇ ಕೂಡ ಸತ್ತಿದ್ದಾನೆ. ಈಗ ಸೂಸನ್ ಕಾಣೆಯಾದ ಹಾಳೆಗಳನ್ನೂ ಹುಡುಕಬೇಕು, ಈ ಸಾವಿನ ಹಿಂದೆ ಏನಿದೆ ಅಂತಲೂ ಹುಡುಕಬೇಕು.

ಮೊದಲ ಓದಿಗೆ ಇದು ಹಬ್ಬದೂಟ. ಒಳಗಿನ ಕಥೆಯ ಪಾತ್ರಗಳಿಗೂ ಹೊರಗಿನ ಜನರಿಗೂ ಇರುವ ನಂಟು ಒಂದೊಂದಾಗಿ ಹೊಳೆಯುತ್ತಾ ಹೋದಾಗ ಹಿಂದಿನ ಪುಟಗಳನ್ನು ತಿರುವಿ ನೋಡದೆ ಇರಲು ಆಗುವುದಿಲ್ಲ. ಎರಡನೇ ಓದಿಗೆ ಮಾತ್ರ ಆ ಸುಖ ಅರ್ಧಕ್ಕಿಂತ ಕಡಿಮೆಯಾಯಿತು. ಸುಳಿವುಗಳನ್ನು ಅಡಗಿಸಿದ ಚಾಕಚಕ್ಯತೆಗೆ ತಲೆದೂಗಿದೆ, ಅಷ್ಟೆ. ಪಾದ್ರಿ, ವೈದ್ಯೆ, ತೋಟದ ಆಳು ಎಲ್ಲರೂ ಚದುರಂಗದ ಕಾಯಿಗಳ ಹಾಗೆ, ಲೇಖಕರು ಇಟ್ಟ ಮನೆಯಲ್ಲಿ ಇಟ್ಟಂತೆ ಕೂತಿದ್ದರು. ನನ್ನ ಮಟ್ಟಿಗೆ ಉಳಿದದ್ದು ಪೂಂಡ್ ಒಬ್ಬನೇ. ನಾಜಿಗಳ ಶಿಬಿರದಿಂದ ಬದುಕಿ ಬಂದವನು. ತಲೆಯೊಳಗೆ ಗೆಡ್ಡೆ ಬೆಳೆದಿದೆ, ದಿನಗಳು ಮುಗಿಯುತ್ತಿವೆ ಎಂದು ಗೊತ್ತಿದ್ದೂ ಈ ಕೇಸು ಹಿಡಿಯುತ್ತಾನೆ. ಅವನಿರುವ ಪುಟಗಳು ಎರಡನೇ ಸಲವೂ ಜೀವಂತವಾಗಿದ್ದವು.

ಹೊರೊವಿಟ್ಜ್ ಅವರ 'ದ ವರ್ಡ್ ಈಸ್ ಮರ್ಡರ್' ಶುರುವಾಗುವ ರೀತಿಯನ್ನು ಮೀರಿಸುವುದು ಕಷ್ಟ. ಹೆಂಗಸೊಬ್ಬರು ಅಂತ್ಯಕ್ರಿಯೆ ನಡೆಸುವವರ ಅಂಗಡಿಗೆ ಹೋಗಿ, ತಮ್ಮದೇ ಅಂತ್ಯಕ್ರಿಯೆಗೆ ಎಲ್ಲ ಏರ್ಪಾಡು ಮಾಡಿಕೊಳ್ಳುತ್ತಾರೆ. ಅದೇ ದಿನ ಅವರ ಕೊಲೆಯಾಗುತ್ತದೆ. ಲೇಖಕರು ತಾವೇ ಪಾತ್ರವಾಗಿ, ಹಾಥಾರ್ನ್ ಎಂಬ ಮಾಜಿ ಪೊಲೀಸನ ಬೆನ್ನು ಹತ್ತಿ ತಿರುಗುತ್ತಾರೆ. ರೈಲಿನಲ್ಲಿ ಒಯ್ಯಲು ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

ಹಿಗಾಶಿನೊ ಅವರದು ಬೇರೆಯೇ ದಾರಿ. 1958ರಲ್ಲಿ ಒಸಾಕಾದಲ್ಲಿ ಹುಟ್ಟಿದವರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಎಂಜಿನಿಯರ್ ಆಗಿ ಕೆಲಸ ಮಾಡುತ್ತಲೇ ಬರೆದವರು. 1985ರಲ್ಲಿ ಎಡೊಗಾವಾ ರಾಂಪೊ ಪ್ರಶಸ್ತಿ ಬಂತು. ಆಮೇಲೆ ಕೆಲಸ ಬಿಟ್ಟು ಟೋಕಿಯೊಗೆ ಬಂದರು. ಆ ಎಂಜಿನಿಯರ್ ಬುದ್ಧಿ ಬರವಣಿಗೆಯಲ್ಲಿ ಎದ್ದು ಕಾಣುತ್ತದೆ. ಬೇಡದ ಒಂದು ಸ್ಕ್ರೂ ಕೂಡ ಇರುವುದಿಲ್ಲ.

'ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ಜಪಾನಿನಲ್ಲಿ 2005ರಲ್ಲಿ ಬಂತು, ನಾವೋಕಿ ಪ್ರಶಸ್ತಿ ಪಡೆಯಿತು. ಇಂಗ್ಲಿಷಿಗೆ ಬಂದದ್ದು 2011ರಲ್ಲಿ. ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಯಾಸುಕೊ, ಕಾಟ ಕೊಡಲು ಬಂದ ಮಾಜಿ ಗಂಡನನ್ನು ತನ್ನ ಮನೆಯಲ್ಲೇ ವಯರಿನಿಂದ ಬಿಗಿದು ಸಾಯಿಸುತ್ತಾಳೆ. ಮಗಳೂ ಕೈಜೋಡಿಸುತ್ತಾಳೆ. ಇದೆಲ್ಲ ಶುರುವಿನಲ್ಲೇ ನಮ್ಮ ಕಣ್ಣೆದುರಿಗೇ ನಡೆಯುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಬಾಗಿಲು ತಟ್ಟಿ, ಮುಂದಿನದು ನನಗೆ ಬಿಡಿ ಅನ್ನುತ್ತಾನೆ. ಕೊಂದದ್ದು ಯಾರು, ಯಾಕೆ, ಹೇಗೆ, ಎಲ್ಲವೂ ಗೊತ್ತು. ಆದರೂ ಕೊನೆಯಲ್ಲಿ ಕಾಲಡಿಯ ನೆಲ ಜಾರುತ್ತದೆ.

ನನ್ನ ಪರೀಕ್ಷೆಯಲ್ಲಿ ಈ ಪುಸ್ತಕ ಗೆದ್ದದ್ದು ಒಂದು ಸಣ್ಣ ಮಾತಿನಿಂದ. ಪೊಲೀಸರಿಗೆ ನೆರವಾಗುವ ಭೌತವಿಜ್ಞಾನಿ ಯುಕಾವಾ ಮತ್ತು ಇಶಿಗಾಮಿ ಕಾಲೇಜಿನ ಗೆಳೆಯರು. ಎಷ್ಟೋ ವರ್ಷದ ಮೇಲೆ ಸಿಕ್ಕು ಜೊತೆಯಲ್ಲಿ ನಡೆಯುತ್ತಿರುವಾಗ ಇಬ್ಬರ ರೂಪವೂ ಗಾಜಿನಲ್ಲಿ ಕಾಣುತ್ತದೆ. ನೀನು ಇನ್ನೂ ಹಾಗೇ ಇದ್ದೀಯ, ತಲೆಗೂದಲೂ ಉದುರಿಲ್ಲ, ನಾನು ನೋಡು ಹೇಗಾಗಿದ್ದೇನೆ ಅನ್ನುವ ಅರ್ಥದ ಮಾತು ಇಶಿಗಾಮಿಯ ಬಾಯಿಂದ ಬರುತ್ತದೆ. ಮೊದಲ ಸಲ ಓದುವಾಗ ಅದು ಹಳೇ ಗೆಳೆಯರ ಹರಟೆ. ಯುಕಾವಾಗೆ ಮಾತ್ರ ಎದೆ ಧಸಕ್ ಅನ್ನುತ್ತದೆ. ಲೆಕ್ಕ ಬಿಟ್ಟು ಬೇರೇನನ್ನೂ ಕಣ್ಣೆತ್ತಿ ನೋಡದಿದ್ದವನಿಗೆ ಈಗ ತನ್ನ ರೂಪದ ಚಿಂತೆ ಯಾಕೆ ಬಂತು? ಯಾರ ಕಣ್ಣಿಗೆ ಚೆನ್ನಾಗಿ ಕಾಣಬೇಕು? ಕೊನೆ ಗೊತ್ತಿಟ್ಟುಕೊಂಡು ಆ ಪುಟಕ್ಕೆ ಬಂದಾಗ ನನಗೆ ಮುಂದೆ ಓದಲು ಆಗಲಿಲ್ಲ, ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮೊದಲ ಅಧ್ಯಾಯದಲ್ಲಿ ಇಶಿಗಾಮಿ ಬೆಳಗ್ಗೆ ನದಿ ಪಕ್ಕ, ಮನೆಮಠ ಇಲ್ಲದವರ ಗುಡಿಸಲು ದಾಟಿ ಕೆಲಸಕ್ಕೆ ನಡೆದು ಹೋಗುತ್ತಾನಲ್ಲ, ಆ ಪುಟಗಳೂ ಅಷ್ಟೇ. ಎರಡನೇ ಸಲ ಓದಿದಾಗ ಹೊಟ್ಟೆ ಕಿವುಚುತ್ತದೆ.

ಇದನ್ನೇ ಆಧರಿಸಿ 2023ರಲ್ಲಿ 'ಜಾನೇ ಜಾನ್' ಎಂಬ ಹಿಂದಿ ಸಿನಿಮಾ ಬಂತು, ಕಥೆ ಕಾಲಿಂಪಾಂಗ್‌ಗೆ ಹೋಗಿತ್ತು. ಸಿನಿಮಾ ನೋಡಿಬಿಟ್ಟಿದ್ದೇವೆ ಅಂತ ಪುಸ್ತಕ ಬಿಡಬೇಡಿ.

'ಮ್ಯಾಲಿಸ್' ಇನ್ನೂ ಗಟ್ಟಿ. ಹೆಸರಾಂತ ಕಾದಂಬರಿಕಾರ ಹಿದಾಕಾ ಕೊಲೆಯಾಗುತ್ತಾನೆ. ಅವನ ಗೆಳೆಯ ನೊನೊಗುಚಿ ಮಕ್ಕಳ ಪುಸ್ತಕ ಬರೆಯುವವನು. ಒಂದು ಅಧ್ಯಾಯ ಅವನ ಬರಹ, ಮುಂದಿನದು ಪತ್ತೇದಾರ ಕಾಗಾನ ಟಿಪ್ಪಣಿ, ಹೀಗೇ ಸಾಗುತ್ತದೆ. ಕೊಲೆಗಾರ ಬೇಗನೇ ಸಿಕ್ಕಿಬೀಳುತ್ತಾನೆ. ಆಮೇಲೆ ಪುಸ್ತಕ ಪೂರ್ತಿ ಯಾಕೆ ಎಂಬ ಒಂದೇ ಪ್ರಶ್ನೆ. ಶುರುವಿನಲ್ಲಿ ಬರುವ ಬೆಕ್ಕಿನ ವಿಷಯ ನೆನಪಿಟ್ಟುಕೊಂಡು ಓದಿ.

ಹಿಗಾಶಿನೊ ಅವರಲ್ಲಿ ನನಗೆ ಕೊರತೆ ಅನಿಸಿದ್ದು ಹೆಣ್ಣು ಪಾತ್ರಗಳು. ಯಾಸುಕೊ ಇಡೀ ಕಥೆಯ ನಡುಮಧ್ಯ ಇದ್ದರೂ ಅವಳ ಮನಸ್ಸು ನಮಗೆ ಪೂರ್ತಿ ಸಿಗುವುದೇ ಇಲ್ಲ. ಅವಳ ಸುತ್ತ ಗಂಡಸರು ಲೆಕ್ಕ ಹಾಕುತ್ತಾರೆ, ಅವಳು ಹೆದರಿಕೊಂಡು ಕಾಯುತ್ತಾಳೆ. ಎರಡನೇ ಓದಿನಲ್ಲಿ ಇದು ಜಾಸ್ತಿ ಚುಚ್ಚಿತು.

ಅಲ್ಲಿಂದ ಟಾನಾ ಫ್ರೆಂಚ್ ಅವರ ಪುಸ್ತಕಕ್ಕೆ ಬಂದರೆ ಗಾಳಿಯೇ ಬೇರೆ. 1973ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಹಲವು ದೇಶಗಳಲ್ಲಿ ಬೆಳೆದು, 1990ರಿಂದ ಡಬ್ಲಿನ್‌ನಲ್ಲಿ ಇರುವವರು. ನಟನೆ ಕಲಿತವರು. ಅವರ ಎಲ್ಲ ನಿರೂಪಕರೂ ನಟರು ಪಾತ್ರಕ್ಕೆ ಇಳಿಯುವ ಹಾಗೆ ಮಾತಾಡುತ್ತಾರೆ. ಡಬ್ಲಿನ್ ಮರ್ಡರ್ ಸ್ಕ್ವಾಡ್ ಸರಣಿಯಲ್ಲಿ ಆರು ಕಾದಂಬರಿಗಳಿವೆ, 2007ರಿಂದ 2016ರವರೆಗೆ ಬಂದವು. ಒಂದೊಂದಕ್ಕೂ ಒಬ್ಬೊಬ್ಬ ನಿರೂಪಕ. ಹಿಂದಿನ ಪುಸ್ತಕದಲ್ಲಿ ಪಕ್ಕದಲ್ಲಿ ನಿಂತಿದ್ದವರು ಮುಂದೆ ಕಥೆ ಹೇಳಲು ಬರುತ್ತಾರೆ. ಒಂದರಲ್ಲಿ ಸಿಡುಕನಂತೆ ಕಂಡವನ ಒಳಗೆ ಏನೇನಿದೆ ಅಂತ ಇನ್ನೊಂದರಲ್ಲಿ ತಿಳಿಯುತ್ತದೆ.

ಮೊದಲ ಕಾದಂಬರಿ 'ಇನ್ ದ ವುಡ್ಸ್' ಎಡ್ಗರ್ ಪ್ರಶಸ್ತಿ ಪಡೆದದ್ದು. ಎಚ್ಚರಿಕೆಯ ಮಾತು ಇಲ್ಲಿದೆ, ಬೇಡದವರು ಈ ಪ್ಯಾರಾ ಬಿಟ್ಟುಬಿಡಿ. 1984ರಲ್ಲಿ ಮೂವರು ಮಕ್ಕಳು ಕಾಡಿಗೆ ಹೋಗುತ್ತಾರೆ, ಒಬ್ಬನೇ ಸಿಗುತ್ತಾನೆ. ಅವನ ಬೂಟಿನ ತುಂಬ ರಕ್ತ, ನೆನಪು ಪೂರ್ತಿ ಅಳಿಸಿಹೋಗಿದೆ. ಅವನೇ ದೊಡ್ಡವನಾಗಿ, ಹೆಸರು ಬದಲಿಸಿಕೊಂಡು, ಅದೇ ಜಾಗದಲ್ಲಿ ಇನ್ನೊಂದು ಮಗುವಿನ ಕೊಲೆಯ ತನಿಖೆಗೆ ಬರುತ್ತಾನೆ. ಹೊಸ ಕೊಲೆಗೆ ಉತ್ತರ ಸಿಗುತ್ತದೆ, ಹಳೆಯದಕ್ಕೆ ಸಿಗುವುದಿಲ್ಲ. ಇದಕ್ಕೆ ಸಿಟ್ಟಾದ ಓದುಗರು ಬಹಳ. ನಾನು ಲೇಖಕಿಯ ಪರ. ಆ ಮನುಷ್ಯ ತನ್ನ ಬದುಕಿನ ಅತಿ ಮುಖ್ಯ ದಿನವನ್ನೇ ನೋಡಲು ಹೆದರುವವನು. ಅವನ ಬಾಯಿಂದ ಕಥೆ ಕೇಳುವಾಗ ಉತ್ತರ ಸಿಗದಿರುವುದೇ ಸರಿ. ಎರಡನೇ ಸಲ ಓದುವಾಗ ಉತ್ತರಕ್ಕಾಗಿ ಓಡುವ ಆತುರ ಇರುವುದಿಲ್ಲ. ಅವನೂ ಜೊತೆಗಾರ್ತಿ ಕ್ಯಾಸಿಯೂ ಎಷ್ಟು ಚೆನ್ನಾಗಿದ್ದರು, ಅದನ್ನು ಅವನೇ ಹೇಗೆ ಹಾಳುಮಾಡಿಕೊಂಡ ಅನ್ನುವುದು ಆಗ ಕಾಣುತ್ತದೆ.

'ಬ್ರೋಕನ್ ಹಾರ್ಬರ್' ನನಗೆ ಈ ಮೂವರ ಎಲ್ಲ ಪುಸ್ತಕಗಳಿಗಿಂತ ಮೇಲು. ಐರ್ಲೆಂಡಿನಲ್ಲಿ ಮನೆ ಕಟ್ಟುವ ಭರಾಟೆ 2008ರ ಹೊತ್ತಿಗೆ ಕುಸಿದುಬಿತ್ತು. ಬಿಲ್ಡರುಗಳು ಅರ್ಧಕ್ಕೆ ಬಿಟ್ಟುಹೋದ ಬಡಾವಣೆಗಳು ದೇಶದ ತುಂಬ ಉಳಿದವು. ಅಂಥದೊಂದು ಬಡಾವಣೆ, ಸಮುದ್ರದ ಪಕ್ಕ. ಸಾಲ ಮಾಡಿ ಮನೆ ಕೊಂಡ ಗಂಡ ಹೆಂಡತಿ, ಇಬ್ಬರು ಮಕ್ಕಳು. ಗಂಡನ ಕೆಲಸ ಹೋಗಿದೆ. ಒಂದು ಬೆಳಗ್ಗೆ ಗಂಡನೂ ಮಕ್ಕಳೂ ಸತ್ತಿದ್ದಾರೆ, ಹೆಂಡತಿಗೆ ಉಸಿರಿದೆ. ಪೊಲೀಸರು ಒಳಗೆ ಬಂದು ನೋಡಿದರೆ, ಒಪ್ಪವಾಗಿಟ್ಟ ಮನೆಯ ಗೋಡೆಗಳಲ್ಲಿ ಅಲ್ಲಲ್ಲಿ ತೂತು ಕೊರೆದಿದೆ. ಮಗು ಮಲಗಿದೆಯಾ ಅಂತ ನೋಡಲು ಇಡುವ ಕ್ಯಾಮೆರಾಗಳು ಆ ತೂತುಗಳ ಕಡೆಗೆ ತಿರುಗಿವೆ. ಯಾಕೆ? ಆ ಉತ್ತರದಲ್ಲಿ ಭೂತಪ್ರೇತ ಏನೂ ಇಲ್ಲ. ಕೆಲಸ ಕಳೆದುಕೊಂಡ ಒಬ್ಬ ಒಳ್ಳೆಯ ಮನುಷ್ಯ ಇದ್ದಾನೆ, ಅಷ್ಟೇ. ಫ್ಲ್ಯಾಟಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದಿರುವವರು ಬೆಂಗಳೂರಿನಲ್ಲೂ ಕಡಿಮೆ ಇಲ್ಲ. ಅವರಿಗೆ ಈ ಪುಸ್ತಕ ಬೇರೆಯೇ ಥರ ತಟ್ಟುತ್ತದೆ.

ಮೂವರ ವ್ಯತ್ಯಾಸ ನನಗೆ ಕಂಡದ್ದು ಸುಳಿವು ಬಚ್ಚಿಡುವ ಜಾಗದಲ್ಲಿ. ಹೊರೊವಿಟ್ಜ್ ಅದನ್ನು ಪುಟದ ಮೇಲೆ, ಹೆಸರು ಮತ್ತು ಮಾತುಗಳ ನಡುವೆ ಇಡುತ್ತಾರೆ. ಒಮ್ಮೆ ಸಿಕ್ಕಿತೋ, ಅದರ ಕೆಲಸ ಮುಗಿಯಿತು. ಹಿಗಾಶಿನೊ ನಾವು ಸುಮ್ನೆ ನಂಬಿಕೊಂಡ ಒಂದು ವಿಷಯದ ಕೆಳಗೆ ಇಡುತ್ತಾರೆ. ಇಶಿಗಾಮಿಯೇ ತನ್ನ ಪ್ರಶ್ನೆಪತ್ರಿಕೆಯ ಬಗ್ಗೆ ಹೇಳುತ್ತಾನೆ, ನೋಡಲು ರೇಖಾಗಣಿತದ ಲೆಕ್ಕದಂತೆ ಕಾಣುತ್ತದೆ, ನಿಜಕ್ಕೂ ಅದು ಬೇರೆ ಲೆಕ್ಕ ಅಂತ. ಲೇಖಕರು ನಮಗೂ ಅದೇ ಪತ್ರಿಕೆ ಕೊಟ್ಟಿರುತ್ತಾರೆ. ಫ್ರೆಂಚ್ ಸುಳಿವನ್ನು ಕಥೆ ಹೇಳುವವನ ಮನಸ್ಸಿನೊಳಗೇ ಇಡುತ್ತಾರೆ. ಅವನಿಗೇ ಅದು ಕಾಣುವುದಿಲ್ಲ. ಮನುಷ್ಯನ ಮನಸ್ಸು ಒಂದೇ ಓದಿಗೆ ತೀರಿಹೋಗುವ ವಸ್ತುವಲ್ಲ, ಹಾಗಾಗಿ ಆ ಪುಸ್ತಕಗಳೂ ತೀರುವುದಿಲ್ಲ.

ಓದಿನ ಕಷ್ಟವನ್ನೂ ಹೇಳಬೇಕು. ಹಿಗಾಶಿನೊ ಅವರ ಇಂಗ್ಲಿಷ್ ಅನುವಾದಗಳು ತಿಳಿಯಾಗಿವೆ. ಇಂಗ್ಲಿಷ್ ಕಾದಂಬರಿ ಹೊಸದಾಗಿ ಹಿಡಿದವರಿಗೂ ತೊಡಕಿಲ್ಲ. ಜಪಾನಿ ಹೆಸರುಗಳು ಮೊದಮೊದಲು ಕಲಸಿಹೋಗುತ್ತವೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಆಯಿತು. ಫ್ರೆಂಚ್ ನಿಧಾನ. ಪುಸ್ತಕಗಳು ದಪ್ಪ, ಡಬ್ಲಿನ್‌ನ ಆಡುಮಾತು ಹೇರಳ, ಒಂದು ವಿಚಾರಣೆಯ ಕೋಣೆಯಲ್ಲೇ ಪುಟಗಟ್ಟಲೆ ಕೂರಿಸುತ್ತಾರೆ. ಆ ವಿಚಾರಣೆಗಳೇ ಅವರ ಶಕ್ತಿ ಅನ್ನುವುದೂ ನಿಜ. ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮನ ವೇಗಕ್ಕೆ ಒಗ್ಗಿದವರಿಗೆ ಮೊದಲ ನೂರು ಪುಟ ತಾಳ್ಮೆ ಬೇಕು.

ಹೊಸಬರಿಗೆ ನಾನು ಕೊಡುವುದು 'ಸಸ್ಪೆಕ್ಟ್ ಎಕ್ಸ್'. ಫ್ರೆಂಚ್ ಅವರನ್ನು ಓದಬೇಕು, ಆದರೆ ಉತ್ತರವಿಲ್ಲದ ಕೊನೆ ಬೇಡ ಅನ್ನುವವರು 'ಫೇಯ್ತ್‌ಫುಲ್ ಪ್ಲೇಸ್' ಹಿಡಿಯಿರಿ. 1985ರಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಪ್ರೀತಿಸಿದವಳ ಜೊತೆ ಇಂಗ್ಲೆಂಡಿಗೆ ಓಡಿಹೋಗಲು ರಾತ್ರಿ ರಸ್ತೆಯಲ್ಲಿ ಕಾಯುತ್ತಾನೆ. ಅವಳು ಬರುವುದಿಲ್ಲ. ಕೈಕೊಟ್ಟಳು ಅಂದುಕೊಂಡು ಒಬ್ಬನೇ ಹೊರಟುಹೋಗುತ್ತಾನೆ. ಇಪ್ಪತ್ತೆರಡು ವರ್ಷದ ಮೇಲೆ ಪಾಳುಮನೆಯೊಂದರಲ್ಲಿ ಅವಳ ಸೂಟ್‌ಕೇಸ್ ಸಿಗುತ್ತದೆ. ಅವನು ಬಿಟ್ಟುಬಂದ ಅಪ್ಪ, ಅಮ್ಮ, ಅಣ್ಣತಮ್ಮಂದಿರ ಮನೆಯ ಜಗಳಗಳು ನಮ್ಮ ಬೀದಿಯಲ್ಲೇ ನಡೆದಂತಿವೆ. ಕುಡುಕ ಅಪ್ಪನ ಮುಂದೆ ಎಲ್ಲರೂ ಒಟ್ಟಿಗೆ ಕೂರುವ ದೃಶ್ಯಗಳಿಗೇ ಪುಸ್ತಕ ಓದಬಹುದು.

ರಕ್ತ, ಹೆಣ ಬೇಡವೆನ್ನುವ ಮನೆಯ ಹಿರಿಯರಿಗೆ ಹಿಗಾಶಿನೊ ಅವರ 'ನ್ಯೂಕಮರ್' ಕೊಡಿ. ಕೊಲೆ ಒಂದೇ, ಅದೂ ಕಣ್ಣೆದುರು ನಡೆಯುವುದಿಲ್ಲ. 'ಮ್ಯಾಲಿಸ್'ನ ಪತ್ತೇದಾರ ಕಾಗಾ ಇಲ್ಲಿ ಟೋಕಿಯೊದ ಹಳೇ ಪೇಟೆ ನಿಹೊನ್‌ಬಾಶಿಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಾನೆ. ಅಕ್ಕಿಯ ತಿಂಡಿ ಮಾರುವವರು, ಗಡಿಯಾರ ರಿಪೇರಿಯವರು, ಪಿಂಗಾಣಿ ಅಂಗಡಿಯ ಅತ್ತೆ ಸೊಸೆ. ಆ ಅತ್ತೆ ಸೊಸೆಯ ಜಗಳದ ನಡುವೆ ಅಡುಗೆಮನೆಯ ಕತ್ತರಿಯೊಂದು ಬರುತ್ತದೆ. ಅದನ್ನು ಯಾರು, ಯಾರಿಗಾಗಿ ಕೊಂಡರು ಅಂತ ಕಾಗಾ ಬಿಡಿಸುವ ಅಧ್ಯಾಯ ಕೊಲೆಯ ತನಿಖೆಗಿಂತ ಚೆನ್ನಾಗಿದೆ.